ಚೊಂಬಿನ ನೀರು ಚೆಲ್ಲಿದ ದಿನ

ಚಿತ್ರದುರ್ಗ
೧೩ ಜೂನ್ ೨೦೦೪, ಭಾನುವಾರ

ಪ್ರೀತಿಯ ಮಾವನಿಗೆ ಅನುಪಮಾ ಮಾಡುವ ನಮಸ್ಕಾರಗಳು.

ಹಾಸ್ಟೆಲಿನಲ್ಲಿ ಎಲ್ಲ ಸೌಖ್ಯ ಎಂದು ಹಿರೇಗುಂಟನೂರಿಗೆ, ಅಮ್ಮನಿಗೆ, ಒಂದು ಕಾರ್ಡು ಹಾಕಿದ್ದೇನೆ. ನಿಮಗೆ ಮಾತ್ರ ನಿಜ ಬರೆಯುತ್ತೇನೆ. ಇವತ್ತು ನಾನು ಸೈಬರ್ ಸೆಂಟರಿನ ಕೀಬೋರ್ಡು ಮುರಿದೆ.

ಹೇಳಿದ್ದೆನಲ್ಲ, ಅಂತರಕಾಲೇಜು ಚದುರಂಗ ಪಂದ್ಯಾವಳಿ, ಎಲ್ಲ ಇಂಟರ್‌ನೆಟ್ಟಿನಲ್ಲೇ. ನಾನು ಇಲ್ಲಿ ಎರ್ರಿಸ್ವಾಮಿಯವರ ಸೆಂಟರಿನಲ್ಲಿ ಕೂತಿರುತ್ತೇನೆ, ಎದುರಾಳಿ ಮಂಗಳೂರಿನಲ್ಲೋ ಬೆಳಗಾವಿಯಲ್ಲೋ. ಭಾನುವಾರಕ್ಕೊಂದು ಸುತ್ತು, ಸೆಪ್ಟೆಂಬರ್ ಹನ್ನೆರಡಕ್ಕೆ ಕೊನೆಯದು. ಮೊದಲ ಎಂಟು ಜನರಿಗೆ ರಾಜ್ಯದ ತಂಡದಲ್ಲಿ ಜಾಗ. ನನಗೆ ಅದು ಬೇಕೇ ಬೇಕು ಮಾವ. ಬಿ.ಎಸ್ಸಿ. ಮುಗಿದರೆ ಅಪ್ಪ ಆಡಲು ಬಿಡುವುದಿಲ್ಲ ಎಂದು ನಿಮಗೂ ಗೊತ್ತು.

ಇವತ್ತು ಗೆಲ್ಲುವ ಆಟ. ಅವನ ಮಂತ್ರಿ ನನ್ನ ಕೈಯಲ್ಲಿತ್ತು. ಕರೆಂಟು ಹೋಯಿತು. ಎರ್ರಿಸ್ವಾಮಿಯವರ ಬ್ಯಾಟರಿ ನಾಲ್ಕು ನಿಮಿಷಕ್ಕೆ ಉಸಿರು ಬಿಟ್ಟಿತು, ಪರದೆ ಕಪ್ಪಾಯಿತು, ನಾನು ಸೋತೆ ಎಂದಾಯಿತು. ಕಿವಿಯೊಳಗೆ ಏನೋ ಗುಂಯ್ ಎಂದಿತು. ಮುಷ್ಟಿಯಿಂದ ಗುದ್ದಿದೆ. ಎರಡು ಗುಂಡಿ ಹಾರಿ ಪಕ್ಕದವರ ಮಡಿಲಲ್ಲಿ ಬಿದ್ದವು. ಎರ್ರಿಸ್ವಾಮಿಯವರು ಬೈಯಲಿಲ್ಲ. "ನೋಡವ್ವ, ಇನ್ನೊಂದ್ಸಲ ಹಿಂಗಾದ್ರೆ ಈ ಬಾಗ್ಲಾಗೆ ಕಾಲಿಡಬ್ಯಾಡ" ಎಂದರು, ಅಷ್ಟೇ. ಊರಿನಲ್ಲಿ ನೆಟ್ಟಗೆ ಲೈನು ಸಿಗುವುದು ಅವರಲ್ಲಿ ಮಾತ್ರ.

ಕರೆಂಟು ತೆಗೆಯುವ ಇಲಾಖೆಯ ಲೈನ್‌ಮನ್ನಿಗೇ ದೂರು ಹೇಳುತ್ತಿದ್ದೇನೆ, ನಗಬೇಡಿ. ನಿಮ್ಮ ಜಗುಲಿಯ ಮೇಲೆ ಆಡುವಾಗ ನೀವು ಒಂದು ನಡೆಗೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಅತ್ತೆ ಮುದ್ದೆ ಕಟ್ಟಿ ಇಳಿಸುತ್ತಿದ್ದರು. ನಾನು ಚಡಪಡಿಸಿ ಸೋಲುತ್ತಿದ್ದೆ. ನೀವು ಸಿಟ್ಟಾಗಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅದು ಹೇಗೆ ಎಂದು ಬರೆಯಿರಿ. ನನಗೆ ಭಯವಾಗುತ್ತಿದೆ.

ನಿಮ್ಮ
ಅನು

*

ಮಾಡದಕೆರೆ
೨೦ ಜೂನ್ ೨೦೦೪

ಚಿ. ಅನುಪಮಾಳಿಗೆ ಮಾವ ಮೂಡಲಗಿರಿಯಪ್ಪನ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅತ್ತೆಗೆ ಓದಿ ಹೇಳಿದೆ, ಕೀಬೋರ್ಡಿನ ವಿಷಯ ಬಿಟ್ಟು. "ಕೂಸು ಸೊರಗೈತಾ?" ಎಂದು ಕೇಳಿದಳು. ಅವಳಿಗೆ ಲೋಕದ ಎಲ್ಲ ಕಷ್ಟವೂ ಊಟದ್ದೇ.

ನನಗೆ ಸಿಟ್ಟು ಬರುವುದಿಲ್ಲ ಎಂದು ಯಾರು ಹೇಳಿದರು? ಬರುತ್ತದೆ. ಕಂಬದ ಮೇಲೆ ತೆಗೆದುಕೊಂಡು ಹೋಗುವುದಿಲ್ಲ, ಅಷ್ಟೇ. ನನಗೆ ಲೈನ್‌ಮನ್ ಕೆಲಸ ಕಲಿಸಿದ ಮುರುಗಪ್ಪನವರು ಒಂದು ಕ್ರಮ ಹಾಕಿಕೊಟ್ಟಿದ್ದರು. ಸಬ್‌ಸ್ಟೇಶನ್ನಿಗೆ ಹೇಳಿ ಲೈನು ತೆಗೆಸಿದ ಮೇಲೂ ತಕ್ಷಣ ಹತ್ತುವ ಹಾಗಿಲ್ಲ. ಕಂಬದ ಬುಡದಲ್ಲಿ ನಿಂತು ಕಂಠದವರೆಗೆ ತುಂಬಿದ ಚೊಂಬನ್ನು ಬಲಗೈಯಲ್ಲಿ ಭುಜದ ಮಟ್ಟಕ್ಕೆ ನೀಡಿ ಹಿಡಿಯಬೇಕು. ನೀರು ಅಲುಗಾಡುವುದು ನಿಂತರೆ ಕುಡಿದು ಹತ್ತು. ಚೆಲ್ಲಿದರೆ ಹತ್ತಬೇಡ, ಮತ್ತೆ ತುಂಬು. ಮನೆಯಲ್ಲಿ ಜಗಳ ಆಡಿ ಬಂದವನನ್ನು ಚೊಂಬು ಹಿಡಿದುಕೊಡುತ್ತದೆ. ನಾಲಿಗೆ ಸುಳ್ಳು ಹೇಳಿದರೂ ಮೊಣಕೈ ಹೇಳುವುದಿಲ್ಲ.

ಜನ ಕೆಳಗೆ ನಿಂತು ಆಡಿಕೊಳ್ಳುತ್ತಾರೆ. "ಏನ್ರಿ ಗಿರಿಯಪ್ಪ, ಕಂಬಕ್ಕೆ ಆರತಿ ಎತ್ತಾಕೆ ಬಂದೀರಾ?" ಅನ್ನುತ್ತಾರೆ. ಅನ್ನಲಿ.

ನೀನೂ ಆಟಕ್ಕೆ ಕೂರುವ ಮುಂಚೆ ಹಿಡಿದು ನೋಡು. ಕರೆಂಟು ನಿನ್ನ ಕೈಯಲ್ಲಿ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಚೊಂಬು ಇದೆ.

ಒಂದು ಮಾತು. ಆ ಆಟದಲ್ಲಿ ಸ್ವಂತ ಹೆಸರು ಇರುವುದಿಲ್ಲವಂತೆ. ನಿನ್ನದು ಏನು? ಸುಮ್ಮನೆ ಕೇಳಿದೆ.

ಮಾವ

*

ಚಿತ್ರದುರ್ಗ
೪ ಜುಲೈ ೨೦೦೪

ಮಾವ,

ಗೆದ್ದೆ. ಹೋದ ಭಾನುವಾರವೂ ಗೆದ್ದೆ.

ಮೊದಲ ದಿನ ಹಾಸ್ಟೆಲಿನ ಸ್ಟೀಲ್ ಚೊಂಬು ಹಿಡಿದು ಒಳಗೆ ಹೋದೆ. ಎರ್ರಿಸ್ವಾಮಿಯವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಏನವ್ವ, ಕಂಪ್ಯೂಟರ್‌ಗೆ ಸ್ನಾನ ಮಾಡ್ಸೀಯಾ? ಹೊರಗೆ ಹಿಡ್ಕ, ಹೊರಗೆ." ಈಗ ಮೆಟ್ಟಿಲ ಮೇಲೆ, ಝೆರಾಕ್ಸ್ ಅಂಗಡಿಯ ಪಕ್ಕ ನಿಂತು ಹಿಡಿಯುತ್ತೇನೆ. ನಮ್ಮ ಕ್ಲಾಸಿನ ಉಷಾರಾಣಿ ನೋಡಿ, ಯಾವ ವ್ರತ ಎಂದು ಕೇಳಿದಳು. ಲೈನ್‌ಮನ್ ವ್ರತ ಎಂದೆ.

ಸಿಟ್ಟು ಈಗ ಬರುವುದೇ ಇಲ್ಲ, ನೀವು ನಿಶ್ಚಿಂತೆಯಿಂದಿರಿ. ಗುರುವಾರ ಮಧ್ಯಾಹ್ನ ಪ್ರಾಕ್ಟಿಕಲ್ಸ್ ಇಲ್ಲ, ಅಂದು ಅಭ್ಯಾಸಕ್ಕೆ ಆಡುತ್ತೇನೆ. ಅದು ಪಂದ್ಯಾವಳಿಯದಲ್ಲ. ಅಲ್ಲಿ ಯಾವ ದೇಶದವರು ಬೇಕಾದರೂ ಬಂದು ಎದುರು ಕೂರಬಹುದು. ಅವರಿಗೆ ನಾವು ಯಾರೆಂದು ಗೊತ್ತಿಲ್ಲ, ನಮಗೆ ಅವರು ಗೊತ್ತಿಲ್ಲ. ನನ್ನ ಹೆಸರು ಅಲ್ಲಿ 'ದುರ್ಗಕ್ವೀನ್'. ಅತ್ತೆಗೆ ಹೇಳಬೇಡಿ, ರಾಣಿಯಂತೆ ರಾಣಿ ಎಂದು ವರ್ಷವಿಡೀ ಆಡಿಕೊಳ್ಳುತ್ತಾರೆ.

ಅನು

*

ಮಾಡದಕೆರೆ
೧೯ ಜುಲೈ ೨೦೦೪

ಚಿ. ಅನುಗೆ ಆಶೀರ್ವಾದ.

ತಡವಾಗಿ ಬರೆಯುತ್ತಿದ್ದೇನೆ. ಗಾಳಿಗೆ ಮರ ಬಿದ್ದು ಎರಡು ಕಡೆ ತಂತಿ ಹರಿದಿತ್ತು. ಗುರುವಾರದ ಮೀಟಿಂಗಿಗೆ ಹೊಸದುರ್ಗಕ್ಕೆ ಹೋಗಿದ್ದೆ. ಅಲ್ಲೂ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಆಗಿದೆ. ಬೋರ್ಡು ನೋಡಿದೆ, ಅಷ್ಟೇ.

ನಿನಗೆ ಒಂದು ಬುದ್ಧಿಮಾತು. ಸೋತ ಕೂಡಲೇ ಇನ್ನೊಂದು ಆಟ ಹಾಕಬೇಡ. ಸೋತವನು ಮುಂದಿನ ಆಟವನ್ನು ಎದುರಿಗಿರುವವನ ಮೇಲೆ ಆಡುವುದಿಲ್ಲ, ಹಿಂದೆ ಸೋಲಿಸಿದವನ ಮೇಲೆಯೇ ಆಡುತ್ತಿರುತ್ತಾನೆ. ಕಿವಿ ಬಿಸಿಯಾಗಿರುತ್ತದೆ, ಕೈ ತಾನಾಗಿಯೇ ಗುಂಡಿ ಒತ್ತುತ್ತದೆ, ಇನ್ನೊಂದು, ಇನ್ನೊಂದು ಎನ್ನುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಹೀಗೆಂದು ಕೇಳಿದ್ದೇನೆ.

ಮತ್ತೊಂದು. ಆಟದ ಪಕ್ಕದಲ್ಲಿ ಇಬ್ಬರೂ ಮಾತು ಬರೆದುಕೊಳ್ಳಲು ಜಾಗ ಇರುತ್ತದಂತೆ. ಸೋತಾಗ ನೀನು ಅಲ್ಲಿ ಏನು ಬರೆಯುತ್ತೀ? ಯೋಚಿಸಿ ಉತ್ತರ ಬರೆ.

ಮಾವ

*

ಚಿತ್ರದುರ್ಗ
೧ ಆಗಸ್ಟ್ ೨೦೦೪

ಮಾವ,

ಸೋತಾಗ ಏನು ಬರೆಯುವುದು? ಚೆನ್ನಾಗಿ ಆಡಿದಿರಿ, ಥ್ಯಾಂಕ್ಸ್ ಎಂದು ಬರೆಯುತ್ತೇನೆ. ಎಲ್ಲರೂ ಅದನ್ನೇ ಬರೆಯುವುದು. ಉದಾಹರಣೆಗೆ ಹದಿನೈದನೇ ತಾರೀಕು ಗುರುವಾರ ಟೈಗರ್ ಎನ್ನುವ ಹೆಸರಿನವನೊಬ್ಬ ಆಟಕ್ಕೆ ಕರೆದ. ಯಾವ ದೇಶದವನೋ. ಒಂದೊಂದು ನಡೆಗೂ ಎದ್ದು ಹೋಗಿ ಬೀಡಿ ಸೇದಿ ಬಂದವನಂತೆ ಹೊತ್ತು ಮಾಡುತ್ತಿದ್ದ. ಕಾದು ಕಾದು ನನ್ನ ತಲೆ ಕೆಟ್ಟು ಆನೆ ಕಳೆದುಕೊಂಡೆ, ಸೋತೆ. ಆದರೂ ಅವನಿಗೆ ಥ್ಯಾಂಕ್ಸ್ ಎಂದೇ ಬರೆದೆ. ಸಾಕಲ್ಲ?

ಈಗ ನಾನು ಕೇಳಬೇಕಾದದ್ದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅತ್ತೆ ಫೋನ್ ಮಾಡಿ ಅಮ್ಮನ ಹತ್ತಿರ ಅತ್ತರಂತೆ. ಗುರುವಾರ ಹೊಸದುರ್ಗಕ್ಕೆ ಹೋದವರು ಕೊನೆಯ ಬಸ್ಸೂ ತಪ್ಪಿ ಲಾರಿ ಹತ್ತಿ ಬರುತ್ತೀರಂತೆ. ಕಣ್ಣು ಕೆಂಪಗಿರುತ್ತದಂತೆ. ಮಾತಾಡಿಸಿದರೆ ಸಿಡುಕಿ, ಒಂದು ದಿನ ಮುದ್ದೆಯ ತಟ್ಟೆ ಸರಿಸಿ ಎದ್ದು ಹೋದಿರಂತೆ. ನೀವು ತಟ್ಟೆ ಸರಿಸುವುದು ಎಂದರೆ ನನಗೆ ನಂಬಲು ಆಗಲಿಲ್ಲ.

ಕುಡಿಯಲು ಶುರು ಮಾಡಿದ್ದೀರಾ ಮಾವ? ಕಂಬ ಹತ್ತುವವರು ನೀವು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಹಾಗಿದ್ದರೆ ನನ್ನಾಣೆ ಬಿಟ್ಟುಬಿಡಿ.

ಅನು

*

ಮಾಡದಕೆರೆ
೮ ಆಗಸ್ಟ್ ೨೦೦೪

ಕುಮಾರಿ ಅನುಪಮಾಗೆ,

ನಾನು ಕುಡಿದಿಲ್ಲ. ಕುಡಿಯುವುದೂ ಇಲ್ಲ.

ಟೈಗರ್ ಎನ್ನುವವನಿಗೆ ಥ್ಯಾಂಕ್ಸ್ ಬರೆದೆ ಎಂದು ತಿಳಿದು ಸಂತೋಷವಾಯಿತು.

ನಾಳೆ ಬೆಳಿಗ್ಗೆ ಕೆರೆ ಹಿಂದಿನ ಟ್ರಾನ್ಸ್‌ಫಾರ್ಮರ್ ಕೆಲಸ ಇದೆ. ಬೇಗ ಏಳಬೇಕು.

ಇಂತಿ
ಎಚ್. ಮೂಡಲಗಿರಿಯಪ್ಪ

*

ಚಿತ್ರದುರ್ಗ
೨೨ ಆಗಸ್ಟ್ ೨೦೦೪

ಪ್ರೀತಿಯ ಮಾವನಿಗೆ,

ತಪ್ಪಾಯಿತು. ನಿಮ್ಮನ್ನು ಅಂಥ ಮಾತು ಕೇಳಬಾರದಿತ್ತು. ನೀವು ಇನಿಷಿಯಲ್ ಹಾಕಿ ಸಹಿ ಮಾಡಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ. ನಾನೇನು ಕರೆಂಟ್ ಆಫೀಸಿನ ಮೇಲಧಿಕಾರಿಯೇ?

ಈಗ ಒಂಬತ್ತನೆಯ ಜಾಗದಲ್ಲಿದ್ದೇನೆ. ಎಂಟರೊಳಗೆ ಬರಬೇಕು. ಆಟಕ್ಕೆ ಕೂತರೆ ಒಂದೇ ನಡೆಯನ್ನು ಹತ್ತು ಸಲ ಲೆಕ್ಕ ಹಾಕುತ್ತೇನೆ. ನಿಮ್ಮ ನಾಲ್ಕು ಸಾಲು ಬಂದರೆ ಸರಿಹೋಗುತ್ತದೆ. ಬೈದಾದರೂ ಬರೆಯಿರಿ.

ಅನು

*

ಚಿತ್ರದುರ್ಗ
೫ ಸೆಪ್ಟೆಂಬರ್ ೨೦೦೪

ಮಾವ,

ನಾಲ್ಕು ವಾರವಾಯಿತು, ನಿಮ್ಮಿಂದ ಒಂದು ಕಾರ್ಡೂ ಇಲ್ಲ. ಅಮ್ಮನನ್ನು ಕೇಳಿದರೆ "ಮಾವಂಗೆ ಕೆಲಸ ಜಾಸ್ತಿ ಐತಂತೆ, ನೀನು ಓದ್ಕ" ಎಂದು ಫೋನ್ ಇಡುತ್ತಾಳೆ. ಒಂದು ಕಾರ್ಡು ಬರೆಯಲಾಗದಷ್ಟು ಕೆಲಸ ಯಾವುದು ಎಂದು ನನಗೆ ಗೊತ್ತು. ಅದಕ್ಕೆ ಸಿಟ್ಟು ಎಂದು ಹೆಸರು. ಸಿಟ್ಟು ಮಾಡಬಾರದು ಎಂದು ನನಗೆ ಪಾಠ ಹೇಳಿದವರು ನೀವೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಇವತ್ತು ಕಷ್ಟಪಟ್ಟು ಸಮ ಮಾಡಿಕೊಂಡೆ. ಇನ್ನೂ ಒಂಬತ್ತನೆಯ ಜಾಗವೇ. ಹನ್ನೆರಡಕ್ಕೆ ಕೊನೆಯ ಸುತ್ತು, ಧಾರವಾಡದ ಬೃಂದಾ ಎನ್ನುವವಳ ಮೇಲೆ. ಗೆದ್ದರೆ ತಂಡ, ಇಲ್ಲದಿದ್ದರೆ ಇಲ್ಲ.

ಚೊಂಬು ಹಿಡಿಯುವುದನ್ನು ಬಿಟ್ಟಿದ್ದೇನೆ. ಹೇಗೂ ಚೆಲ್ಲುತ್ತದೆ. ಚೆಲ್ಲಿದರೂ ಹೋಗಿ ಆಡುತ್ತೇನೆ. ಇನ್ನು ಮುಂದೆ ಬರೆಯುವುದಿಲ್ಲ.

ಅನುಪಮಾ

*

ಮಾಡದಕೆರೆ
೮ ಸೆಪ್ಟೆಂಬರ್ ೨೦೦೪

ಚಿ. ಅನುಗೆ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ಅತ್ತೆ ಬರೆಯುತ್ತಿದ್ದಾಳೆ. ನಿನ್ನ ಆಟ ಮುಗಿಯುವವರೆಗೆ ಹೇಳಬಾರದೆಂದು ನಿಮ್ಮಮ್ಮನೂ ನಾವೂ ಮಾತಾಡಿಕೊಂಡಿದ್ದೆವು. ಆದರೆ ಚೆಲ್ಲಿದರೂ ಆಡುತ್ತೇನೆ ಎಂದು ಬರೆದೆಯಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆಗಸ್ಟ್ ಒಂಬತ್ತರಂದು ಕಂಬದಿಂದ ಬಿದ್ದೆ. ಬಲಗೈ ಮೊಣಕೈಯ ಮೇಲೊಂದು ಕಡೆ, ಕೆಳಗೊಂದು ಕಡೆ ಮುರಿದಿದೆ. ದಾವಣಗೆರೆಯಲ್ಲಿ ಕಂಬಿ ಹಾಕಿ ಕಳಿಸಿದರು. ಜೀವಕ್ಕೆ ಏನೂ ಇಲ್ಲ.

ಆ ಟೈಗರ್ ನಾನೇ. ಹೆಸರು ನಾನಿಟ್ಟುಕೊಂಡದ್ದಲ್ಲ, ಸೆಂಟರಿನವನು ಇಟ್ಟದ್ದು. ಗುರುವಾರ ಆಡುತ್ತೇನೆ ಎಂದು ನೀನು ಬರೆದಿದ್ದೆ. ಜಗುಲಿಯ ಮೇಲೆ ಆಡಿದಂತೆ ಒಂದಾಟ ಆಡಿ, ಆಮೇಲೆ ಕಾಗದದಲ್ಲಿ ನಾನೇ ಎಂದು ಹೇಳಿ ನಗಿಸಬೇಕೆಂದುಕೊಂಡಿದ್ದೆ. ಅಂದು ಸೋತ ಮೇಲೆ ನೀನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. "ನಿನ್ ಕೈ ಸೇದೋಗ" ಎಂದು. ಎಲ್ಲೋ ದೂರದೇಶದವನು, ಅರ್ಥವಾಗದು ಎಂದು ಬರೆದೆ. ಅರ್ಥವಾಗುವವನೇ ಕೂತಿದ್ದ.

ಕೈ ಸೆಟೆದು ಹೋಗಲಿ ಎಂಬ ನಿನ್ನ ಶಾಪದಿಂದ ಬಿದ್ದೆ ಎಂದು ತಿಳಿಯಬೇಡ, ನಾನು ಅದನ್ನು ನಂಬುವವನಲ್ಲ. ಹೇಳುತ್ತೇನೆ ಕೇಳು. ಆ ಮಾತು ಓದಿ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಯಾರದೋ ಮೇಲೆ ಇನ್ನೊಂದು ಆಟ ಹಾಕಿ ಸೋತೆ. ಮತ್ತೊಂದರಲ್ಲೂ ಸೋತೆ. ಮುಂದಿನ ಗುರುವಾರ ಮೀಟಿಂಗು ಮುಗಿಯುವುದನ್ನೇ ಕಾಯುತ್ತಿದ್ದೆ. ಈ ವಯಸ್ಸಿನಲ್ಲಿ ಮೌಸು ಕುಟ್ಟಿ ಒಬ್ಬ ಹುಡುಗನಿಂದ ಬೈಸಿಕೊಂಡೆ. ಮನೆಯಲ್ಲಿ ಹೇಳಲು ನಾಚಿಕೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಥ್ಯಾಂಕ್ಸ್ ಬರೆದೆ ಎಂಬ ಸುಳ್ಳೂ, ಕುಡಿಯುತ್ತೀರಾ ಎಂಬ ಪ್ರಶ್ನೆಯೂ ಒಂದೇ ಹಾಳೆಯಲ್ಲಿ.

ನಿನಗೆ ಉತ್ತರ ಬರೆದ ಮಾರನೆಯ ದಿನ ಟ್ರಾನ್ಸ್‌ಫಾರ್ಮರ್ ಹತ್ತಿರ ಜನ ಸೇರಿದ್ದರು. ಚೊಂಬು ಹಿಡಿದೆ, ಚೆಲ್ಲಿತು. ತುಂಬಿಕೊಂಡು ಹಿಡಿದೆ, ಚೆಲ್ಲಿತು. "ಬೆಳಿಗ್ಗಿಂದ ಕಾಯ್ತಾ ಇದೀವಿ, ಇನ್ನಾ ನೀರಾಟ ಆಡ್ತಾ ಕುಂತೀರಲ್ರಿ" ಎಂದು ಅವರಲ್ಲೊಬ್ಬ, ಗೊಲ್ಲಪ್ಪ, ಅಂದ. ಚೊಂಬು ಬಿಸಾಕಿ ಹತ್ತಿದೆ. ಸೊಂಟದ ಹಗ್ಗ ಕಟ್ಟಿಕೊಂಡಿರಲಿಲ್ಲ, ಅದು ನೆನಪಾದದ್ದು ಕೈ ಜಾರಿದ ಮೇಲೆ. ಗೊಲ್ಲಪ್ಪನದು ತಪ್ಪಿಲ್ಲ. ಎಷ್ಟು ವರ್ಷ ಹಿಡಿದ ಚೊಂಬು ಅದು, ಅಂದು ಅದರ ಮಾತು ಕೇಳಲಿಲ್ಲ.

ಇದು ನಾನು, ನಿನ್ನತ್ತೆ ಶಾಂತಕ್ಕ, ಬರೀತಿರೋದು. ಇವರು ಹೇಳಿದ್ದನ್ನೆಲ್ಲ ಹೇಳಿದಂಗೇ ಬರೆದೀನಿ. ಕುಡೀತಾರೆ ಅಂತ ನಾನೂ ಅನ್ಕಂಡಿದ್ದೆ ಕಣವ್ವ. ಚೆಸ್ಸು ಅಂತ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಕೈ ಮೇಲಕ್ಕೆ ಎತ್ತಾಕೆ ಆಗಲ್ಲ, ನಾನೇ ತುತ್ತು ಮಾಡಿ ಕೊಡ್ತೀನಿ. ಕಂಬದ ಕೆಲಸ ಇನ್ನ ಆಗಲ್ಲ ಅಂದವ್ರೆ ಡಾಕ್ಟ್ರು. ಅದನ್ನ ಬರೀಬ್ಯಾಡ ಅಂತಾರೆ, ನಾನು ಬರೆದೀನಿ.

ಈಗ ಮತ್ತೆ ನಾನು ಹೇಳುತ್ತಿದ್ದೇನೆ. ಹನ್ನೆರಡರಂದು ಚೊಂಬು ಹಿಡಿ. ಚೆಲ್ಲಿದರೆ ಕೂರಬೇಡ. ಇಷ್ಟೇ ನಾನು ಕೇಳುವುದು.

ಮಾವ

*

ಚಿತ್ರದುರ್ಗ
೧೩ ಸೆಪ್ಟೆಂಬರ್ ೨೦೦೪, ಸೋಮವಾರ

ಮಾವ,

ಶನಿವಾರ ಮಧ್ಯಾಹ್ನ ಕಾಗದ ಬಂತು. ಎಸ್.ಟಿ.ಡಿ. ಬೂತಿಗೆ ಓಡಿದೆ. ಅತ್ತೆ ಎತ್ತಿ, "ಮಲಗವ್ರೆ ಕಣವ್ವ" ಎಂದರು. ಹಿಂದೆ ನೀವು ಕೆಮ್ಮಿದ್ದು ನನಗೆ ಕೇಳಿಸಿತು. ಫೋನ್ ಇಟ್ಟೆ. ಬೂತಿನ ಮುಂದೆ ಜನ ಇದ್ದರು, ಆದರೂ ಅಳು ಬಂತು.

ಭಾನುವಾರ ಮೆಟ್ಟಿಲ ಮೇಲೆ ನಿಂತು ಚೊಂಬು ಹಿಡಿದೆ. ತೋಳೆಲ್ಲ ಒದ್ದೆಯಾಯಿತು. ಒಳಗೆ ಆಟ ಶುರುವಾಗಿತ್ತು, ನನ್ನ ಗಡಿಯಾರ ಓಡುತ್ತಿತ್ತು. ಎರ್ರಿಸ್ವಾಮಿಯವರು ಬಾಗಿಲಿಗೆ ಬಂದು, "ಟೈಮ್ ಓಡ್ತಾ ಐತೆ ಕಣವ್ವ, ಬಾರವ್ವ" ಎಂದರು.

"ಇಲ್ಲಣ್ಣ, ಇನ್ನಾ ಚೆಲ್ತಾ ಐತೆ" ಎಂದೆ.

ಅವರು ನನ್ನ ಮುಖ ನೋಡಿದರು. ಒಳಗಿನಿಂದ ತಮ್ಮ ಬಿಂದಿಗೆ ತಂದು ಚೊಂಬು ತುಂಬಿಸಿದರು. ಅದೂ ಚೆಲ್ಲಿತು, ಮತ್ತೆ ತುಂಬಿಸಿದರು. ನೀರು ನಿಲ್ಲುವ ಹೊತ್ತಿಗೆ ನನ್ನ ಅರ್ಧ ಸಮಯ ಹೋಗಿತ್ತು. ಕುಡಿದು ಒಳಗೆ ಹೋಗಿ ಕೂತೆ.

ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ. ಕೊನೆಗೆ ಅವಳ ಹತ್ತಿರ ರಾಜ ಮತ್ತು ಒಂದು ಕುದುರೆ, ನನ್ನ ಹತ್ತಿರ ಒಂದು ಆನೆ, ಎರಡು ಪದಾತಿ. ಆದರೆ ಸಮಯ ಮುಗಿಯಿತು. ಸೋತೆ. ಒಂಬತ್ತನೆಯವಳಾಗಿಯೇ ಉಳಿದೆ. ತಂಡ ಇಲ್ಲ.

ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೂತೆ. ಮೊದಲ ಸಲ ಅಲ್ಲಿ ನಿಜವಾಗಿ "ಚೆನ್ನಾಗಿ ಆಡಿದಿರಿ" ಎಂದು ಬರೆದೆ. ಬೃಂದಾ, ಯಾಕೆ ತಡವಾಗಿ ಬಂದಿರಿ ಎಂದು ಕೇಳಿದಳು. ನಮ್ಮ ಮಾವನ ಕೈ ಮುರಿದಿದೆ ಎಂದು ಬರೆದೆ. ಹುಷಾರಾಗಲಿ ಎಂದು ಅವಳು ಬರೆದಳು. ಅವಳು ಯಾರೋ, ನೀವು ಯಾರೋ. ಗೊತ್ತಿಲ್ಲದವರಿಗೆ ಹಾಗೆಯೂ ಬರೆಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಗೊತ್ತಿಲ್ಲದವನಾದರೆ ಏನು ಬೇಕಾದರೂ ಅನ್ನಬಹುದು ಎಂದುಕೊಂಡಿದ್ದೆ ಮಾವ. ಒಬ್ಬನಿಗಲ್ಲ, ಎಷ್ಟೋ ಜನಕ್ಕೆ ಅಂದಿದ್ದೇನೆ. ನಿಮಗೆ ಸುಳ್ಳನ್ನೂ ಬರೆದೆ. ಕ್ಷಮಿಸಿ ಎಂದು ಬರೆದರೆ ಅದೂ ಥ್ಯಾಂಕ್ಸ್ ಬರೆದ ಹಾಗೆ ಕಾಣುತ್ತದೇನೋ ಎಂದು ಹೆದರಿಕೆ. ಆದರೂ ಬರೆಯುತ್ತೇನೆ. ಕ್ಷಮಿಸಿ.

ದಸರಾ ರಜಕ್ಕೆ ಮಾಡದಕೆರೆಗೆ ಬರುತ್ತೇನೆ. ಅಲ್ಲಿಯವರೆಗೆ ಕಾರ್ಡಿನಲ್ಲಿ ಒಂದಾಟ ಆಡೋಣವೇ? ಒಂದು ಕಾರ್ಡಿಗೆ ಒಂದು ನಡೆ. ನೀವು ಎಷ್ಟು ಹೊತ್ತು ಬೇಕಾದರೂ ಮಾಡಿ, ನಾನು ಕಾಯುತ್ತೇನೆ. ಬಿಳಿ ನನ್ನದು. ರಾಜನ ಮುಂದಿನ ಪದಾತಿ, ಎರಡು ಮನೆ ಮುಂದಕ್ಕೆ.

ಅನು

*

ಮಾಡದಕೆರೆ
೨೫ ಸೆಪ್ಟೆಂಬರ್ ೨೦೦೪

ಅನು,

ಎಡಗೈಯಲ್ಲಿ ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ, ಓದಿಕೋ.

ಕಾಗದ ಬಂದ ದಿನವೇ ಜಗುಲಿಯ ಮೇಲೆ ಮಣೆ ಹಾಕಿ ನಿನ್ನ ಪದಾತಿ ಇಟ್ಟೆ. ಉತ್ತರ ಯಾವುದೆಂದು ಆಗಲೇ ಗೊತ್ತಿತ್ತು. ಆದರೆ ಬರೆಯುವ ಮುಂಚೆ ಚೊಂಬು ಹಿಡಿಯಬೇಕಲ್ಲ. ದಿನಾ ಬೆಳಿಗ್ಗೆ ಎಡಗೈಯಲ್ಲಿ ಹಿಡಿಯುತ್ತಿದ್ದೇನೆ. ಚೆಲ್ಲುತ್ತಿದೆ. ಎಡಗೈಗೆ ಅಭ್ಯಾಸವಿಲ್ಲ ಎಂದು ನಿನ್ನ ಅತ್ತೆಗೆ ಹೇಳಿದೆ. ನಿನಗೆ ಹಾಗೆ ಬರೆಯುವುದಿಲ್ಲ. ಸಿಟ್ಟು ಇದೆ. ಕಂಬದ ಮೇಲಿದೆ, ನನ್ನ ಮೇಲಿದೆ, ನಿನ್ನ ಮೇಲೂ ಸ್ವಲ್ಪ ಇದೆ.

ಇವತ್ತೂ ಚೆಲ್ಲಿತು. ಅದಕ್ಕೆ ಈ ಕಾರ್ಡಿನಲ್ಲಿ ನಡೆ ಇಲ್ಲ. ನಾಳೆ ಮತ್ತೆ ಹಿಡಿದು ನೋಡುತ್ತೇನೆ.

ಮಣೆ ಎತ್ತಿಡಬೇಡ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ.

ಮಾವ